ಎರಡನೆಯ ಪೀರಿಯಡ್ಡಿನ ಹೊಟ್ಟೆನೋವು

ಶಾಲೆಯ ಗೇಟಿನ ಬಳಿ ನಿಂತಿದ್ದ ಶಿವಪ್ರಕಾಶನಿಗೆ, ತಾನು ಮಗಳನ್ನು ಮನೆಗೆ ಕರೆದುಕೊಂಡು ಹೋಗಲು ಬಂದಿದ್ದೇನೋ ಅಥವಾ ತನ್ನನ್ನೇ ಯಾರಾದರೂ ಬಂದು ಕರೆದುಕೊಂಡು ಹೋಗಲಿ ಎಂದು ಕಾಯುತ್ತಿದ್ದೇನೋ ಎಂದು ಒಂದು ಕ್ಷಣ ಗೊಂದಲವಾಯಿತು. ಪೊನ್ನಂಪೇಟೆಯ ಆ ರಸ್ತೆಯಲ್ಲಿ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. ಫೋನು ಬಂದಾಗ ಅವನು ಕಾಲೇಜಿನಲ್ಲಿ ಎರಡನೆಯ ಪೀರಿಯಡ್ಡಿನ ಕನ್ನಡ ಪಾಠ ಮಾಡುತ್ತಿದ್ದ. ಎಂದಿನಂತೆ ಅವನ ಹೊಕ್ಕುಳ ಸುತ್ತ ಯಾರೋ ಹಗ್ಗ ಹೊಸೆಯುತ್ತಿದ್ದರು. ಈ ಹಗ್ಗ ಹೊಸೆಯುವವನು ಅವನಿಗೆ ಚಿಕ್ಕಂದಿನಿಂದಲೂ ಪರಿಚಿತ. ಬೆಳಗಿನ ಹೊತ್ತು ನಾಲ್ಕು ಜನರೆದುರು ನಿಲ್ಲಬೇಕಾದಾಗ ಬಂದೇ ಬರುತ್ತಿದ್ದ. ಅದು ತನ್ನ ಸ್ವಭಾವ, ತನ್ನ ಹೇಡಿತನ ಎಂದು ಅವನು ಎಂದೋ ಒಪ್ಪಿಕೊಂಡಿದ್ದ. ಒಪ್ಪಿಕೊಂಡಿದ್ದಷ್ಟೇ ಅಲ್ಲ, ಒಳಗೊಳಗೇ ಅದರ ಬಗ್ಗೆ ಒಂದಿಷ್ಟು ಹೆಮ್ಮೆಯೂ ಇತ್ತು. ಮನುಷ್ಯ ಮೂಲತಃ ಹೆದರಿದ ಪ್ರಾಣಿ, ಎಚ್ಚರವಿದ್ದವನ ಕರುಳು ಹಿಂಡಿಯೇ ಹಿಂಡುತ್ತದೆ ಎಂಬರ್ಥದ ಅವನದೊಂದು ಪದ್ಯ ಮಡಿಕೇರಿಯ ಪತ್ರಿಕೆಯೊಂದರ ಭಾನುವಾರದ ಪುಟದಲ್ಲಿ ಬಂದಿತ್ತು. ಹೆಂಡತಿ ಕುಸುಮಾ ಅದನ್ನು ನಿಧಾನವಾಗಿ ಓದಿ, "ಚೆನ್ನಾಗಿದೆ ರೀ. ಒಂದ್ಸಲ ಡಾಕ್ಟ್ರಿಗೆ ತೋರ್ಸಿ" ಅಂದಿದ್ದಳು.

ವೀಣಾ ಮಿಸ್ ಧನುಶ್ರೀಯ ಕೈಹಿಡಿದು ಬಂದರು. ಎರಡನೇ ಕ್ಲಾಸಿನ ಧನುಶ್ರೀ ಸೊಂಟ ಬಗ್ಗಿಸಿಕೊಂಡು ಸಣ್ಣ ಮುದುಕಿಯ ಹಾಗೆ ಹೆಜ್ಜೆ ಹಾಕುತ್ತಿದ್ದಳು.

"ಇದು ಈಚೆಗೆ ಜಾಸ್ತಿ ಆಗಿದೆ ಸಾರ್," ಮಿಸ್ ದನಿ ತಗ್ಗಿಸಿದರು. "ಎರಡನೇ ಪೀರಿಯಡ್ ಬಂತು ಅಂದ್ರೆ ಹೊಟ್ಟೆನೋವು. ಎರಡನೇ ಪೀರಿಯಡ್ ಮ್ಯಾತ್ಸ್. ನಾನೇನೂ ಹೇಳ್ತಿಲ್ಲ. ನೀವೂ ಟೀಚಿಂಗ್‌ನಲ್ಲಿ ಇರೋರು, ನಿಮಗೇ ಗೊತ್ತಾಗತ್ತೆ."

"ಗೊತ್ತಾಗತ್ತೆ, ಗೊತ್ತಾಗತ್ತೆ," ಅಂದ ಶಿವಪ್ರಕಾಶ, ತನ್ನ ಹೊಟ್ಟೆಯನ್ನು ಅಂಗಿಯ ಮೇಲಿನಿಂದಲೇ ಒತ್ತಿ ಹಿಡಿದು.

ಮಗಳದು ನಾಟಕವೆಂದು ತನಗೆ ಆ ದಿನ ಬೆಳಿಗ್ಗೆಯೇ ಗೊತ್ತಾಗಿದೆ ಎಂದು ಅವನು ಭಾವಿಸಿದ್ದ. ಯೂನಿಫಾರ್ಮ್ ಹಾಕಿಕೊಂಡ ಧನುಶ್ರೀ, "ಇವತ್ತೂ ನೋವು ಬರತ್ತೆ ಅಪ್ಪ, ಹೋಗಲ್ಲ" ಅಂದಾಗ ಅವಳ ಕಿವಿ ಹಿಂಡಿ, "ಇನ್ನೂ ಬರದೇ ಇರೋ ನೋವು ನಿಂಗೆ ಹೆಂಗೆ ಗೊತ್ತಾಯ್ತು? ಸುಳ್ಳಿ!" ಎಂದು ಗದರಿಸಿ, ತನ್ನ ತರ್ಕಕ್ಕೆ ತಾನೇ ಮೆಚ್ಚಿ, ಎದುರಿಗೆ ಕೂತು ಲೋಟದ ತುಂಬ ಹಾಲನ್ನು ಕೊನೆಯ ಗುಟುಕಿನವರೆಗೂ ಕುಡಿಸಿ ಕಳಿಸಿದ್ದ. ಈಗ ಸ್ಕೂಟರಿನ ಹಿಂದೆ ಕೂತು ಅವನ ಬೆನ್ನಿಗೆ ಕೆನ್ನೆ ಒತ್ತಿಕೊಂಡವಳ ಬಿಸಿ ಅಂಗಿಯನ್ನು ದಾಟಿ ಬರುತ್ತಿತ್ತು. ಅರ್ಧ ದಾರಿಯಲ್ಲಿ ಅವಳು, ಜಗಳ ಮುಗಿದ ಮೇಲೆ ಕೊನೆಯ ಮಾತು ಹೇಳುವವಳ ಹಾಗೆ, "ಅಪ್ಪ, ನಾನು ಸುಳ್ಳಿ ಅಲ್ಲ. ಅಮ್ಮ ಬೆಡ್‌ಶೀಟ್ ಹಿಂಡ್ತಾಳಲ್ಲ, ಈ ಕಡೆ ಆ ಕಡೆ, ಹಂಗಾಗತ್ತೆ ಒಳಗೆ" ಅಂದಳು. ಶಿವಪ್ರಕಾಶ ಸ್ಕೂಟರನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದ. ಹಿಂದಿನಿಂದ ಬಂದ ಪಿಕಪ್ ಜೀಪಿನವನು ಹಾರ್ನ್ ಬಾರಿಸಿ ಏನೋ ಬೈದುಹೋದ. ಸುಳ್ಳು ಹೇಳುವ ಮಗು ನೋವು ಇದೆ ಎನ್ನುತ್ತದೆ. ನೋವು ಯಾವ ಕಡೆಗೆ ತಿರುಗುತ್ತದೆ ಎಂದು ಹೇಳುವುದಿಲ್ಲ.

ಅವನಿಗೆ ಕೊಡ್ಲಿಪೇಟೆ ಕಡೆಯ ತನ್ನ ಹಳ್ಳಿಯ ಶಾಲೆಯ ಸೆಗಣಿ ಸಾರಿಸಿದ ನೆಲ, ಅದರ ಮೇಲೆ ಮಂಡಿ ಮಡಚಿ ಹೊಟ್ಟೆ ಒತ್ತಿಕೊಂಡು ಕೂತ ತಾನು, "ಇವನ ಹೊಟ್ಟೆನೋವಿಗೆ ನನ್ನ ಕೈಲಿರೋ ಕೋಲೇ ಔಷಧಿ" ಎನ್ನುತ್ತಿದ್ದ ಮೇಷ್ಟ್ರು, ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ಅವ್ವ ಚನ್ನಬಸಮ್ಮ ಮೊದಮೊದಲು ದೃಷ್ಟಿ ತೆಗೆದಳು, ಆಮೇಲೆ ತಾಯಿತ ಕಟ್ಟಿಸಿದಳು. ಎರಡಕ್ಕೂ ಜಗ್ಗದಿದ್ದಾಗ, ಇದು ಸ್ಕೂಲಿಗೆ ಚಕ್ಕರ್ ಹೊಡೆಯೋ ನಾಟಕ ಎಂದು ತೀರ್ಮಾನಿಸಿ, ಆದರೂ ತಾಯಿಯ ಕರುಳು ಕೇಳದೆ, ಹುಡುಗ ಸೊರಗಿದ್ದಾನೆ ಎಂದು ದೊಡ್ಡ ಲೋಟ ತಂದಳು. ಆ ಲೋಟದ ಕಂಠದ ಮೇಲೆ ಅವನ ಅಪ್ಪನ ಹೆಸರಿತ್ತು. ಅದು ಗಂಡಸರ ಲೋಟ. ಆವತ್ತಿನಿಂದ ಇವತ್ತಿನವರೆಗೆ, ಪೊನ್ನಂಪೇಟೆಯ ಬಾಡಿಗೆ ಮನೆಯಲ್ಲೂ, ಬೆಳಗಾದರೆ ಅದೇ ಲೋಟದ ತುಂಬ ಹಾಲು ಕುಡಿಯುವುದು ಅವನಿಗೆ ಹಲ್ಲುಜ್ಜುವಷ್ಟೇ ಸಹಜವಾಗಿಹೋಗಿತ್ತು.

ಆದರೆ ಅವನು ಆಗ ಹಾಲಿನ ಬಗ್ಗೆ ಯೋಚಿಸಲಿಲ್ಲ. ಯೋಚಿಸಿದ್ದು ಕಿವಿಯ ಬಗ್ಗೆ. ಮಗಳ ಕಿವಿ ಹಿಂಡಿದ ತನ್ನ ಬೆರಳುಗಳ ಬಗ್ಗೆ. ಮನೆಗೆ ಬಂದವನೇ ಆ ಬೆರಳುಗಳಿಂದಲೇ ಫೋನು ತೆಗೆದು ಮಕ್ಕಳ ಹೊಟ್ಟೆನೋವಿಗೆ ಯಾವ ಯಾವ ಆಹಾರ ಕಾರಣ ಎಂದು ಹುಡುಕುತ್ತ ಕೂತ. ಪಶ್ಚಾತ್ತಾಪಪಟ್ಟ ಗಂಡಸು ಅಡುಗೆಮನೆಗೆ ಕಾಲಿಟ್ಟರೆ ಏನಾಗುತ್ತದೆಂದು ಕುಸುಮಾಳಿಗೆ ಆ ವಾರ ತಿಳಿಯಿತು. ಮೊದಲು ಹೋದದ್ದು ಅವರೆಕಾಳು. ಆಮೇಲೆ ಕಿತ್ತಳೆ, ಹುಳಿ, ಬದನೆಕಾಯಿ, ಗೋಧಿ, ಮೊಟ್ಟೆ ಹಾಕಿರಬಹುದೆಂಬ ಅನುಮಾನದ ಮೇಲೆ ಎಲ್ಲ ಬಿಸ್ಕತ್ತು. ಪಕ್ಕದ ಮನೆಯ ಬೊಳ್ಳಮ್ಮ ಆಂಟಿ ಕಾಂಪೌಂಡಿನ ಮೇಲೆ ಕೈಯೂರಿ, "ಎಂತದೂ ಇಲ್ಲ ಸಾರ್, ಹುಳ. ಒಂದು ಗುಳಿಗೆ ಕೊಡಿ, ಸರಿಹೋಗ್ತದೆ" ಅಂದರು. ಗುಳಿಗೆ ಕೊಟ್ಟದ್ದಾಯಿತು, ಹುಳ ಇದ್ದರೆ ಹೋಗಿರಬೇಕು, ನೋವು ಹೋಗಲಿಲ್ಲ. ಊರಿನಿಂದ ಅವ್ವ ಫೋನಿನಲ್ಲಿ, "ಕೂಸು ದುಂಡುದುಂಡಗೆ ಐತೆ, ಯಾರದೋ ಕಣ್ಣು ಬಿದ್ದೈತೆ. ಒಣಮೆಣಸಿನಕಾಯಿ ಇಳೆ ತೆಗೆದು ಒಲೇಗೆ ಹಾಕು" ಅಂದಳು. ಇಲ್ಲಿರುವುದು ಗ್ಯಾಸ್ ಸ್ಟವ್ ಎಂದು ಹೇಳುವ ಧೈರ್ಯ ಅವನಿಗಿರಲಿಲ್ಲ. ಸಂಜೆ ಕುಸುಮಾ ಪೋಸ್ಟ್ ಆಫೀಸಿನ ಕೆಲಸ ಮುಗಿಸಿ ಬರುವಷ್ಟರಲ್ಲಿ ಮನೆಯ ಮುಂದಿನ ರಸ್ತೆಯವರೆಗೂ ಘಾಟು ಹಬ್ಬಿ, ಬೊಳ್ಳಮ್ಮ ಆಂಟಿ ಸೀನುತ್ತ ಬಾಗಿಲು ಹಾಕಿಕೊಂಡಿದ್ದರು.

"ಏನ್ರೀ ಇದು?"

"ದೃಷ್ಟಿ."

"ಯಾರದ್ದು?"

ಅವನು ಕೆಮ್ಮುತ್ತ ಕಿಟಕಿ ತೆರೆದ.

ಹೀಗೆ ಒಂದೊಂದೇ ಆಹಾರ ಮನೆಯಿಂದ ಗಡೀಪಾರಾಗಿ, ಕೊನೆಗೆ ಧನುಶ್ರೀಯ ತಟ್ಟೆಯಲ್ಲಿ ಅನ್ನ ಮತ್ತು ಉಪ್ಪು ಉಳಿದವು. ಮಗು ಸೊರಗುತ್ತದೆಂದು ಹೆದರಿದ ಶಿವಪ್ರಕಾಶ, ಹಿಂದೆ ಅವ್ವ ತನಗೆ ಮಾಡಿದಂತೆಯೇ, ಬೆಳಿಗ್ಗೆಯ ಜೊತೆಗೆ ಸಂಜೆಯೂ ಒಂದು ಲೋಟ ಹಾಲು ಕೊಡತೊಡಗಿದ. ಈಗ ಸಂಜೆಯೂ ನೋವು ಬರತೊಡಗಿತು.

ಕುಸುಮಾ ಗೋಣಿಕೊಪ್ಪದ ಮಕ್ಕಳ ಡಾಕ್ಟರಲ್ಲಿ ಹೆಸರು ಬರೆಸಿದಳು. ಡಾಕ್ಟರು ಗಟ್ಟಿ ದನಿಯ, ಬಿಳಿ ಕೂದಲಿನ ಹೆಂಗಸು. ಶಿವಪ್ರಕಾಶ ದಾರಿಯುದ್ದಕ್ಕೂ ಸಿದ್ಧಪಡಿಸಿಕೊಂಡಿದ್ದ ಪೀಠಿಕೆಯನ್ನು ಆರಂಭಿಸುವಷ್ಟರಲ್ಲಿ ಅವರು ಕುರ್ಚಿಯನ್ನು ಮಗುವಿನ ಕಡೆ ತಿರುಗಿಸಿಕೊಂಡಿದ್ದರು. ರಾತ್ರಿ ನಿದ್ದೆಯಿಂದ ಎಬ್ಬಿಸುವ ಹಾಗೆ ನೋವು ಬರತ್ತಾ, ವಾಂತಿ ಆಗತ್ತಾ, ಕಕ್ಕಸಿನಲ್ಲಿ ರಕ್ತ ಹೋಗತ್ತಾ, ತೂಕ ಇಳಿದಿದೆಯಾ ಎಂದು ಕೇಳಿ, ಒಂದೂ ಇಲ್ಲವೆಂದ ಮೇಲೆ ಹೊಟ್ಟೆ ಮುಟ್ಟಿ ನೋಡಿ, "ಭಾನುವಾರ ನೋಯತ್ತಾ ಪುಟ್ಟ?" ಅಂದರು.

"ಇಲ್ಲ ಡಾಕ್ಟ್ರೇ, ಸ್ಕೂಲಿರೋ ದಿನ ಮಾತ್ರ," ಶಿವಪ್ರಕಾಶ ನಡುವೆ ಬಾಯಿ ಹಾಕಿದ.

"ನೋಯತ್ತೆ," ಅಂದಳು ಧನುಶ್ರೀ.

ಮೂವರೂ ಅವಳ ಮುಖ ನೋಡಿದರು.

"ಮತ್ತೆ ಹೇಳಲ್ವಲ್ಲೇ ನೀನು?" ಕುಸುಮಾ ಕೇಳಿದಳು.

"ಭಾನುವಾರ ಹೇಳಿದ್ರೆ ಆಟಕ್ಕೆ ಬಿಡಲ್ಲ ನೀವು."

ಶಿವಪ್ರಕಾಶನಿಗೆ ಕೂತಲ್ಲೇ ಕುರ್ಚಿ ಒಂದು ಗೇಣು ತಗ್ಗಿದಂತಾಯಿತು. ಗಣಿತಕ್ಕೂ ನೋವಿಗೂ ಸಂಬಂಧವಿಲ್ಲವೆಂಬ ಸರಳ ಸತ್ಯ ಇಷ್ಟು ದಿನ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿತ್ತು. ಡಾಕ್ಟರು ಅವನಿಂದ ನಿಷೇಧಗಳ ವರದಿಯನ್ನು ಪೂರ್ತಿ ಕೇಳಿಸಿಕೊಂಡರು. "ಚೆನ್ನಾಗಿದೆ ಸಾರ್. ಊರಲ್ಲಿದ್ದೋರನ್ನೆಲ್ಲ ಒಟ್ಟಿಗೆ ಲಾಕಪ್ಪಿಗೆ ಹಾಕಿದೀರಿ. ಒಬ್ಬನ್ನ ಮಾತ್ರ ಮನೇಲೇ ಇಟ್ಕೊಂಡು ಉಪಚಾರ ಮಾಡ್ತಿದೀರಿ. ಹಾಲು ಎಷ್ಟು ಕುಡೀತಾಳೆ?" ಎಂದು ಕೇಳಿ, ಉತ್ತರ ಬಂದ ಮೇಲೆ ನಕ್ಕರು. ಕೆಲವರ ಹೊಟ್ಟೆಗೆ ಹಾಲಿನೊಳಗಿನ ಸಕ್ಕರೆ ಅರಗುವುದಿಲ್ಲ, ಚಿಕ್ಕವರಿದ್ದಾಗ ಅರಗಿಸಿಕೊಳ್ಳುತ್ತಿದ್ದವರಿಗೂ ಬರಬರುತ್ತ ಆ ಶಕ್ತಿ ಕಡಿಮೆಯಾಗುತ್ತದೆ, ಇದು ಕಾಯಿಲೆಯೇ ಅಲ್ಲ ಎಂದು ವಿವರಿಸಿದರು. ಆದರೆ ಊಹೆಯನ್ನು ನಂಬಬಾರದು. ಉಳಿದದ್ದನ್ನೆಲ್ಲ ತಟ್ಟೆಗೆ ವಾಪಸ್ ಹಾಕಿ. ಎರಡು ವಾರ ಹಾಲು ಒಂದನ್ನೇ ಬಿಡಿಸಿ. ಆಮೇಲೆ ಒಂದು ದಿನ ಕೊಟ್ಟು ನೋಡಿ. ರಾಗಿ, ಎಳ್ಳು, ಸೊಪ್ಪು ಕೊಡಿ, ಮೂಳೆ ಗಟ್ಟಿಯಾಗೋಕೆ ಅದೂ ಆಗತ್ತೆ. ಏನೇ ಆದ್ರೂ ನನಗೆ ಬಂದು ಹೇಳಿ.

ಹಾಲು ಬಿಡುವುದು ಸುಲಭವೆಂದುಕೊಂಡಿದ್ದರು. ಮರುದಿನ ಬೆಳಿಗ್ಗೆ ಧನುಶ್ರೀ ಹಾಲಿಗೆ ಬೆರೆಸುವ ಮಾಲ್ಟ್ ಪೌಡರಿನ ಡಬ್ಬಿಯನ್ನು ತಬ್ಬಿಕೊಂಡು ನಿಂತಳು. ಅವಳಿಗೆ ಹಾಲು ಇಷ್ಟವಿರಲಿಲ್ಲ, ಆದರೆ ಡಬ್ಬಿ ಅವಳದಾಗಿತ್ತು. "ನಂಗೆ ಮಾತ್ರ ಯಾಕೆ? ಅಪ್ಪನೂ ಬಿಡ್ಲಿ" ಅಂದಳು. ಕಿವಿ ಹಿಂಡಿದ ಸಾಲ ಇನ್ನೂ ಬಾಕಿ ಇದ್ದ ಶಿವಪ್ರಕಾಶ ತಕ್ಷಣ ಒಪ್ಪಿಕೊಂಡ. ತ್ಯಾಗ ಮಾಡುತ್ತಿರುವವನ ಗಾಂಭೀರ್ಯದಲ್ಲಿ ಗಂಡಸರ ಲೋಟಕ್ಕೆ ಬೆಲ್ಲದ ಕರಿ ಕಾಫಿ ಹೊಯ್ದುಕೊಂಡ. ಕುಸುಮಾ ಇಬ್ಬರನ್ನೂ ನೋಡುತ್ತ ತನ್ನ ಹಾಲಿನ ಕಾಫಿಯನ್ನು ಸೊರ್ ಎಂದು ಬೇಕೆಂದೇ ಸದ್ದುಮಾಡಿ ಕುಡಿದಳು.

ಮಗಳ ನೋವು ನಿಂತದ್ದು ಯಾವ ದಿನವೆಂದು ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ. ವೀಣಾ ಮಿಸ್ಸಿನ ಫೋನು ಬರಲಿಲ್ಲ. ಬರಲಿಲ್ಲವೆಂಬುದು ನೆನಪಾಗುವ ಹೊತ್ತಿಗೆ ವಾರ ಕಳೆದಿತ್ತು. ಶಿವಪ್ರಕಾಶನಿಗೆ ಗೊತ್ತಾದದ್ದು ಬೇರೆಯೇ. ಎರಡನೆಯ ಪೀರಿಯಡ್ಡಿನಲ್ಲಿ, ಹಿಂದಿನ ಬೆಂಚಿನ ಹುಡುಗನೊಬ್ಬ ಕೇಳಿದ ತಲೆಹರಟೆ ಪ್ರಶ್ನೆಗೆ ಅವನೇ ಒಂದು ತಲೆಹರಟೆ ಉತ್ತರ ಕೊಟ್ಟು, ಇಡೀ ಕ್ಲಾಸು ನಕ್ಕು, ತಾನೂ ನಕ್ಕು, ಆ ನಗುವಿನ ನಡುವೆ ಅವನಿಗೆ ಏನೋ ಕಳೆದುಹೋಗಿದೆ ಅನಿಸಿತು. ಜೇಬು ಮುಟ್ಟಿ ನೋಡಿಕೊಂಡ. ಪರ್ಸ್ ಇತ್ತು. ಸ್ಕೂಟರಿನ ಕೀ ಇತ್ತು. ಬೋರ್ಡಿನ ಕಡೆ ತಿರುಗಿ ಅರ್ಧ ವಾಕ್ಯ ಬರೆದ ಮೇಲೆ ಹೊಳೆಯಿತು: ಹಗ್ಗ ಹೊಸೆಯುವವನು ಬಂದಿಲ್ಲ. ಅವನು ಸೀಮೆಸುಣ್ಣ ಹಿಡಿದು ಹಾಗೆಯೇ ನಿಂತ. ಹೊಟ್ಟೆಯೊಳಗೆ ಮಧ್ಯಾಹ್ನದ ಖಾಲಿ ವೆರಾಂಡದಂಥ ಶಾಂತಿ. ಸಂತೋಷವಾಗಬೇಕಿತ್ತು. ಆದರೆ ಮೂವತ್ತೈದು ವರ್ಷ ಜೊತೆಗಿದ್ದವನು ಹೇಳದೆ ಕೇಳದೆ ಹೋಗಿಬಿಟ್ಟರೆ ಎಂಥವನಿಗೂ ಕಸಿವಿಸಿಯಾಗುತ್ತದೆ.

ಎರಡು ವಾರ ಮುಗಿದು, ಹಾಲು ಕೊಟ್ಟು ನೋಡುವ ಭಾನುವಾರ ಕುಸುಮಾ ಎರಡು ಲೋಟ ಹಾಲು ತಂದಿಟ್ಟಳು. "ಇಬ್ರೂ ಬಿಟ್ಟಿದ್ರಿ, ಇಬ್ರೂ ಕುಡೀರಿ. ನಾನು ನೋಡ್ತೀನಿ." ಅಪ್ಪ ಮಗಳು ಲೋಟಕ್ಕೆ ಲೋಟ ತಾಗಿಸಿ ಕುಡಿದರು. ಆಮೇಲೆ ಮೂವರೂ ಮಳೆಗಾಲದ ಮೋಡ ನೋಡುವವರಂತೆ ಕಾಯುತ್ತ ಕೂತರು. ಧನುಶ್ರೀ ಚಿತ್ರ ಬರೆದಳು, ಬಣ್ಣ ತುಂಬಿದಳು, ಬೊಳ್ಳಮ್ಮ ಆಂಟಿಯ ಬೆಕ್ಕನ್ನು ಅಟ್ಟಿಸಿಕೊಂಡು ಹೋಗಿ ಬಂದಳು. ಎರಡನೆಯ ಪೀರಿಯಡ್ಡು ನಡೆಯುವ ಹೊತ್ತಿಗೆ ಸರಿಯಾಗಿ ಚಾಪೆಯ ಮೇಲೆ ಮಂಡಿ ಮಡಚಿ ಮಲಗಿದಳು. "ಬಂತು," ಅಂದಳು, ಬಸ್ಸು ಬಂದಷ್ಟು ಸಲೀಸಾಗಿ. ಶಿವಪ್ರಕಾಶ ಅವಳ ಬಳಿಗೆ ಧಾವಿಸಿದ. ಕೂರಲು ಬಗ್ಗಿದಾಗ ಅವನ ಹೊಟ್ಟೆಯಿಂದ ಒಂದು ದೀರ್ಘವಾದ, ಏರಿಳಿತಗಳುಳ್ಳ ಗುಳುಗುಳು ಸದ್ದು ಹೊರಟು, ಅದರ ಬೆನ್ನಿಗೇ ಹಳೆಯ ಸ್ನೇಹಿತ ತನ್ನ ಹಗ್ಗದ ಸಮೇತ ಬಂದಿಳಿದ. ಅವನು ಮಗಳ ಪಕ್ಕದಲ್ಲೇ ಉರುಳಿಕೊಂಡ. ಇಬ್ಬರೂ ಮುಖಕ್ಕೆ ಮುಖ ಕೊಟ್ಟು, ಮಂಡಿಗೆ ಮಂಡಿ ತಾಗಿಸಿ ಮಲಗಿದರು. ಕುಸುಮಾ ಬಿಸಿನೀರು ತರಲು ಎದ್ದಳು. ಅಡುಗೆಮನೆಯಿಂದ ಅವಳು ನಗು ತಡೆಯಲು ಪಡುತ್ತಿದ್ದ ಪಾಡು ಕೇಳಿಸುತ್ತಿತ್ತು.

"ಅಪ್ಪ, ನಿನ್ನ ಹೊಟ್ಟೇನೂ ನನ್ನ ಹೊಟ್ಟೇನೂ ಮಾತಾಡ್ಕೊಳ್ತಿವೆ."

"ಏನಂತೆ?"

"ಬೈಕೊಳ್ತಿವೆ ನಮ್ಮನ್ನ."

"ಧನು, ನಾನು ನಿನ್ನ ಸುಳ್ಳಿ ಅಂದೆನಲ್ಲ. ತಪ್ಪಾಯ್ತು."

"ಕಿವಿನೂ ಹಿಂಡಿದೆ."

"ನೀನೂ ಹಿಂಡು."

ಅವಳು ಶಾಸ್ತ್ರಕ್ಕೆ ಹಿಂಡಲಿಲ್ಲ. ಅವನ ಕಣ್ಣಲ್ಲಿ ನೀರು ಬರುವ ಹಾಗೆ ಹಿಂಡಿ, ನ್ಯಾಯ ಮುಗಿಸಿ, ಹೊಟ್ಟೆ ಹಿಡಿದುಕೊಂಡು ನಿದ್ದೆ ಹೋದಳು. ಶಿವಪ್ರಕಾಶನಿಗೆ ನಿದ್ದೆ ಬರಲಿಲ್ಲ. ಹೊಟ್ಟೆ ತಿರುಚಿದಂತೆಲ್ಲ ಅವನ ಜೀವನದ ಒಂದೊಂದು ಘಟನೆ ಎದ್ದು ಬಂದು, ಪುನರ್ವಿಚಾರಣೆ ಕೇಳಿ ಸಾಲಾಗಿ ನಿಂತಿತು. ಸರ್ಕಾರದ ದೊಡ್ಡ ಹುದ್ದೆಯೊಂದರ ಸಂದರ್ಶನಕ್ಕೆ ಹೋಗಿ, ಹೆಸರು ಕರೆಯುವ ಹೊತ್ತಿಗೆ ಕಾರಿಡಾರಿನ ಕೊನೆಯ ಕಕ್ಕಸಿನಲ್ಲಿ ಕೂತಿದ್ದು, ತಾನು ಅಧಿಕಾರಕ್ಕೆ ಹೇಳಿಮಾಡಿಸಿದವನಲ್ಲ ಎಂದು ಅಲ್ಲೇ ಆತ್ಮಸಾಕ್ಷಾತ್ಕಾರವಾದದ್ದು. ಆ ಬೆಳಿಗ್ಗೆ ಹೋಟೆಲಿನಲ್ಲಿ ಶಕ್ತಿಗೆಂದು ಕುಡಿದದ್ದು ಬಿಸಿ ಹಾಲು. ಕುಸುಮಾಳನ್ನು ನೋಡಲು ಸೋಮವಾರಪೇಟೆಗೆ ಹೋದಾಗ ಅವರ ಮನೆಯವರು ಬಾದಾಮಿ ಹಾಲು ಕೊಟ್ಟು, ಇನ್ನೂ ಒಂದು ಲೋಟ ಬಲವಂತ ಮಾಡಿ, ಆಮೇಲೆ ಹುಡುಗ ಹುಡುಗಿಯನ್ನು ಮಾತಾಡಿಕೊಳ್ಳಲಿ ಎಂದು ಹಿತ್ತಲಿಗೆ ಬಿಟ್ಟಿದ್ದರು. ಅವನು ಒಂದೇ ಒಂದು ಪ್ರಶ್ನೆ ಕೇಳಿ, ಉತ್ತರಕ್ಕೂ ನಿಲ್ಲದೆ ಒಳಗೆ ಓಡಿದ್ದ. ಹುಡುಗನಿಗೆ ಎಷ್ಟು ಸಂಕೋಚ, ಅತಿ ಮಾತಿಲ್ಲ ಎಂದು ಕುಸುಮಾ ಒಪ್ಪಿಕೊಂಡಿದ್ದಳಂತೆ. ಹೋದ ಉದ್ಯೋಗವೂ ಹಾಲಿನಿಂದ, ಬಂದ ಹೆಂಡತಿಯೂ ಹಾಲಿನಿಂದ. ಮತ್ತೆ ಆ ಪದ್ಯ? ಮನುಷ್ಯನ ಮೂಲಭೂತ ಭಯವೆಂದು, ತನ್ನ ಅಸ್ತಿತ್ವದ ಆಳವೆಂದು ಅವನು ಇಷ್ಟು ವರ್ಷ ಇಣುಕಿ ನೋಡಿದ್ದ ಬಾವಿ ಸುಮಾರು ಅರ್ಧ ಲೀಟರಿನಷ್ಟು ಆಳವಿತ್ತು.

ಡಾಕ್ಟರಿಗೆ ಹೇಳಿದಾಗ ಅವರು ಅಪ್ಪನಿಗೆ ಬೇರೆ ಫೀಸು ಕೇಳಲಿಲ್ಲ. ಮಗುವಿಗೆ ಮೊಸರು ಮಜ್ಜಿಗೆ ಸ್ವಲ್ಪಸ್ವಲ್ಪ ಕೊಟ್ಟು ನೋಡಿ, ಬಹಳ ಜನಕ್ಕೆ ಅದು ಒಗ್ಗುತ್ತದೆ ಎಂದರು. ಒಗ್ಗಿತು. ಮನೆಯಲ್ಲಿ ಅವರೆಕಾಳು, ಬದನೆಕಾಯಿ ಗಡೀಪಾರಿನಿಂದ ಮರಳಿ ಬಂದವು. ಇನ್ನು ಬಾಕಿ ಇದ್ದದ್ದು ಒಂದೇ, ಅವ್ವನಿಗೆ ಹೇಳುವುದು. ಅದು ಸಣ್ಣ ಸಂಗತಿಯಲ್ಲ. ಚನ್ನಬಸಮ್ಮ ಶಿವಪ್ರಕಾಶನ ಅಣ್ಣನ ಸಂಸಾರದ ಜೊತೆ ಊರಿನಲ್ಲಿದ್ದಳು. ಅವಳ ಕೊಟ್ಟಿಗೆಯಲ್ಲಿ ಸೀಮೆಹಸುಗಳಿದ್ದವು. ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು; ಆದರೆ ಅವಳು ಊರಿನ ಮಹಿಳಾ ಹಾಲು ಉತ್ಪಾದಕರ ಸಂಘದ ಅಧ್ಯಕ್ಷೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಅವನು ಫೋನು ಹಿಡಿದು ಓಡಾಡುತ್ತಿದ್ದಾಗ ಅವಳೇ ಫೋನು ಮಾಡಿದಳು.

"ಪ್ರಕಾಶ, ಬರೋ ಭಾನುವಾರ ನಮ್ಮ ಸಂಘದ ವಾರ್ಷಿಕೋತ್ಸವ ಕಣಪ್ಪ. ನೀನೇ ಮುಖ್ಯ ಅತಿಥಿ. ಹಾಲಿನ ಮಹತ್ವ ಅಂತ ಒಂದು ಅರ್ಧ ಗಂಟೆ ಮಾತಾಡ್ಬೇಕು. ಕಾರ್ಡಲ್ಲಿ ಹೆಸರು ಹಾಕ್ಸಾಯ್ತು."

"ಆಯ್ತವ್ವ," ಅಂದ ಶಿವಪ್ರಕಾಶ.

ಕುಸುಮಾ ನಗುತ್ತ ನಗುತ್ತ ನೆಲದ ಮೇಲೆಯೇ ಕೂತುಬಿಟ್ಟಳು.

ಹಳೆಯ ಆಲ್ಟೊ ಕಾರಿನಲ್ಲಿ ಸಿದ್ದಾಪುರ ದಾಟಿ, ಕುಯ್ಲು ನಡೆಯುತ್ತಿದ್ದ ಕಾಫಿ ತೋಟಗಳ ನಡುವೆ ಉತ್ತರಕ್ಕೆ ಹೋಗುವಾಗ ಅವನು ತನ್ನ ಭಯವನ್ನು ಮೊದಲ ಬಾರಿಗೆ ಹತ್ತಿರದಿಂದ ನೋಡಿದ. ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಆದರೂ ಭಯ ಇತ್ತು. ಅದು ಮಂಡಿಯಲ್ಲಿತ್ತು, ನಾಲಿಗೆಯ ಬುಡದಲ್ಲಿತ್ತು. ಇಷ್ಟು ದಿನ ಗಲಾಟೆ ಮಾಡುವ ಅಣ್ಣನ ಹಿಂದೆ ಅಡಗಿದ್ದ ಸಣ್ಣ ತಮ್ಮನ ಹಾಗೆ ಅದು ಈಗ ಒಂಟಿಯಾಗಿ ನಿಂತಿತ್ತು. ಹೊಟ್ಟೆನೋವು ಎಂದು ಎದ್ದುಹೋಗುವ ದಾರಿಯೂ ಇಲ್ಲ. ಬರೀ ಹೆದರಿಕೆಯನ್ನು ಬರೀ ಹೆದರಿಕೆಯಾಗಿಯೇ ಹೊತ್ತುಕೊಂಡು ಹೋಗಬೇಕು. ಹೊತ್ತು ನೋಡಿದರೆ ಅಂಥ ಭಾರವೇನೂ ಇರಲಿಲ್ಲ ಎಂಬುದು ಅವನಿಗೆ ಸ್ವಲ್ಪ ಅವಮಾನಕರವಾಗಿ ಕಂಡಿತು.

ಸಮುದಾಯ ಭವನದ ತುಂಬ ಹೆಂಗಸರು. ವೇದಿಕೆಯ ಮೇಲೆ ಜರಿಯಂಚಿನ ಸೀರೆಯುಟ್ಟು, ಹಣೆಗೆ ವಿಭೂತಿ ಇಟ್ಟ ಚನ್ನಬಸಮ್ಮ, ಅವಳ ಪಕ್ಕದಲ್ಲಿ ಶಾಲು ಹೊದಿಸಿಕೊಂಡ ಶಿವಪ್ರಕಾಶ. ಪ್ರಾರ್ಥನೆ ಮುಗಿದ ಕೂಡಲೇ ಎಲ್ಲರಿಗೂ ಸ್ಟೀಲ್ ಲೋಟಗಳಲ್ಲಿ ಏಲಕ್ಕಿ ಹಾಕಿದ ಬಿಸಿ ಹಾಲು ಬಂತು. ಮೊದಲ ಸಾಲಿನಲ್ಲಿ ಅಮ್ಮನ ಪಕ್ಕ ಕೂತಿದ್ದ ಧನುಶ್ರೀಯ ಮುಂದೆ ಹೆಂಗಸೊಬ್ಬಳು ಲೋಟ ಹಿಡಿದಾಗ, ಅವಳ ದನಿ ಇಡೀ ಭವನಕ್ಕೆ ಕೇಳಿಸಿತು:

"ನಂಗೆ ಹಾಲು ಆಗಲ್ಲ ಆಂಟಿ. ಹೊಟ್ಟೆ ನೋಯತ್ತೆ. ಡಾಕ್ಟರ್ ಹೇಳಿದಾರೆ."

ಚನ್ನಬಸಮ್ಮನ ತಲೆ ನಿಧಾನವಾಗಿ ಮಗನ ಕಡೆ ತಿರುಗಿತು. "ಏನಂತೆ ಅದು?"

"ಹೌದವ್ವ. ಹೇಳಬೇಕು ಅಂತಿದ್ದೆ."

"ಯಾವಾಗ ಹೇಳಬೇಕು ಅಂತಿದ್ದೆ?" ಮುಖದಲ್ಲಿ ಸಭೆಗೆ ತೋರುವ ನಗು ಹಾಗೆಯೇ ಇತ್ತು; ಮಾತು ಹಲ್ಲಿನ ಸಂದಿಯಿಂದ ಬರುತ್ತಿತ್ತು. "ನೀನಾರೂ ಕುಡಿ. ಜನ ನೋಡ್ತಾವ್ರೆ."

ಅವನು ಲೋಟವನ್ನು ಎತ್ತಿದ. ಕೆನೆ ಕಟ್ಟಿತ್ತು. ತುಟಿಯವರೆಗೂ ತಂದವನಿಗೆ, ಅವ್ವ ತನ್ನ ಲೋಟವನ್ನು ಬೆರಳ ತುದಿಯಿಂದ ಸದ್ದಾಗದಂತೆ ಹೂವಿನ ಬುಟ್ಟಿಯ ಹಿಂದಕ್ಕೆ ಸರಿಸುತ್ತಿರುವುದು ಕಣ್ಣಿಗೆ ಬಿತ್ತು. ತುಂಬಿದ ಲೋಟ.

"ನೀನು ಕುಡಿಯಲ್ವಾ?"

"ನಂಗೆ ಆಗ್ಬರಲ್ಲ. ಸುಮ್ಕಿರು."

"ಏನು?"

"ಹೊಟ್ಟೆ ಗುಡುಗುಡು ಅಂತದೆ. ಮೊದ್ಲಿಂದ್ಲೂ ಅಷ್ಟೇ. ಅತ್ಲಾಗೆ ನೋಡು, ಫೋಟೋ ತೆಗೀತಾವ್ರೆ."

ಶಿವಪ್ರಕಾಶ ಅತ್ತ ನೋಡಿದ. ಆ ಫೋಟೋದಲ್ಲಿ ಅವನ ಬಾಯಿ ತೆರೆದಿದೆ. ಅವನು ನೋಡುತ್ತಿದ್ದದ್ದು ಫೋಟೋದವನನ್ನಲ್ಲ, ಹಳೆಯ ಮನೆಯ ಅಡುಗೆ ಒಲೆಯನ್ನು. ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ಕರಿ ಕಾಫಿ ಕುಡಿಯುವ ಅವ್ವ. ಕರೆದ ಹಾಲನ್ನೆಲ್ಲ ಗಂಡನಿಗೆ, ಮಕ್ಕಳಿಗೆ ಬಡಿಸಿ ತಾನೊಂದು ತೊಟ್ಟೂ ಮುಟ್ಟದ ಅವ್ವ. ಅವ್ವನ ಪಾಲನ್ನೂ ನಾನೇ ಕುಡಿಯುತ್ತಿದ್ದೇನೆ ಎಂದು, ಒಂದು ಹನಿಯೂ ವ್ಯರ್ಥವಾಗಬಾರದೆಂದು, ಹೊಟ್ಟೆ ಒಲ್ಲೆನೆಂದರೂ ಅವನು ಲೋಟದ ತಳ ನೆಕ್ಕುತ್ತಿದ್ದ. ಕಾಲೇಜಿನಲ್ಲಿ ತ್ಯಾಗದ ಬಗ್ಗೆ ಪಾಠ ಮಾಡುವಾಗಲೆಲ್ಲ ಅವನು ಕೊಡುತ್ತಿದ್ದ ಉದಾಹರಣೆ ಆ ಕರಿ ಕಾಫಿ.

"ನಾನು ನಮಗೋಸ್ಕರ ಬಿಟ್ಟಿದೀಯ ಅಂದ್ಕೊಂಡಿದ್ದೆ ಅವ್ವ."

"ಏನು ಬಿಡೋದು?"

"ಹಾಲು."

"ನಾನ್ಯಾಕೆ ಬಿಡ್ಲಿ? ಅಷ್ಟೊಂದು ಹಸ ಇದ್ವು." ಅವಳಿಗೆ ಅವನ ಮಾತೇ ಅರ್ಥವಾಗಲಿಲ್ಲ. "ವಾಸನೆ ಕಂಡ್ರೇ ಆಗ್ತಿರಲಿಲ್ಲ ನಂಗೆ."

"ಮತ್ತೆ ಸಂಘದ ಅಧ್ಯಕ್ಷೆ..."

"ಚಪ್ಪಲಿ ಅಂಗಡಿಯೋನು ಇರೋ ಚಪ್ಲೀನೆಲ್ಲ ಅವನೇ ಮೆಟ್ಕೋತಾನೇನೋ? ಎದ್ದೇಳು, ನಿನ್ನ ಹೆಸರು ಕರೀತಾವ್ರೆ."

ಅವನು ಮೈಕಿನ ಮುಂದೆ ಹೋಗಿ ನಿಂತ. ಅರ್ಧ ಗಂಟೆಯ ಭಾಷಣ ಬಾಯಿಪಾಠವಾಗಿತ್ತು. ಅದರ ಮೊದಲ ಪದ ಅಮೃತ. ಅಮೃತ ಬಾಯಿಗೆ ಬರಲೇ ಇಲ್ಲ. ಮಂಡಿ ನಡುಗುತ್ತಿತ್ತು. ನಡುಗಲಿ, ಎಂದುಕೊಂಡ. "ನನ್ನ ಮಗಳಿಗೆ ಹೊಟ್ಟೆನೋವು ಬರ್ತಿತ್ತು," ಎಂದು ಶುರುಮಾಡಿದ. ಕಿವಿ ಹಿಂಡಿದ್ದನ್ನು ಹೇಳಿದ. ಅವರೆಕಾಳಿನ ಗಡೀಪಾರು, ಮೆಣಸಿನಕಾಯಿಯ ಘಾಟು, ಚಾಪೆಯ ಮೇಲೆ ಅಪ್ಪ ಮಗಳು ಹೊಟ್ಟೆ ಹಿಡಿದುಕೊಂಡು ಮಲಗಿದ್ದನ್ನು ಹೇಳಿದ. ಹಾಲು ಒಳ್ಳೆಯದೇ, ಆದರೆ ಎಲ್ಲರ ಹೊಟ್ಟೆಗೂ ಅದು ಗೊತ್ತಿರುವುದಿಲ್ಲ ಅಂದ. ಮಕ್ಕಳು ನೋವು ಅಂದರೆ ಸುಳ್ಳು ಎನ್ನುವ ಮೊದಲು ಒಂದು ಸಲ ಲೋಟದೊಳಗೆ ನೋಡಿ ಅಂದ. ಹಾಲಿನ ಸಂಘದ ವೇದಿಕೆಯ ಮೇಲೆ ನಿಂತು ಹಾಲಿನ ಮೇಲೆ ದೂರು ಹೇಳಿದ ಮುಖ್ಯ ಅತಿಥಿಗೆ ಬೆನ್ನಲ್ಲಿ ಅವ್ವನ ದೃಷ್ಟಿ ನಾಟಿದ್ದು ಗೊತ್ತಾಗುತ್ತಿತ್ತು.

ಹಿಂದಿನ ಸಾಲಿನಿಂದ ದಪ್ಪನೆಯ ಹೆಂಗಸೊಬ್ಬಳು ಎದ್ದು ನಿಂತಳು. "ಸಾ, ನಮ್ಮನೆಯೋರ್ದೂ ಇದೇ ಕತೆ. ಹಾಲು ಕುಡ್ದು ಮಲೀಕ್ಕಂಡ್ರೆ ಪಟಾಕಿ ಅಂಗ್ಡಿ." ಭವನದ ತುಂಬ ನಗು ಎದ್ದಿತು. ಇನ್ನೊಬ್ಬಳು ತನ್ನ ಸೊಸೆಯದೂ ಹಾಗೆಯೇ ಅಂದಳು. ಸೊಸೆ ಪಕ್ಕದಲ್ಲೇ ಕೂತು, ಅತ್ತೆಯದೂ ಹಾಗೆಯೇ ಅಂದಳು. ಮತ್ತೊಬ್ಬಳು ಲೋಟವನ್ನು ಬೆಂಚಿನ ಕೆಳಗಿನಿಂದ ಎತ್ತಿ ತೋರಿಸಿ, "ನಾನು ಯಾವಾಗ್ಲೂ ಬೆಕ್ಕಿಗೆ ಹಾಕೋದು" ಅಂದಳು. ಒಬ್ಬೊಬ್ಬರದೇ ಹೊಟ್ಟೆಯ ಸಮಾಚಾರ ಹೊರಬಿದ್ದು, ಕಾರ್ಯದರ್ಶಿ ಬೆಲ್ ಬಾರಿಸಿದರೂ ಯಾರೂ ಕೇಳುವವರಿಲ್ಲ. ಆಗ ಚನ್ನಬಸಮ್ಮ ಎದ್ದು ಬಂದು ಮಗನನ್ನು ಭುಜದಿಂದ ಪಕ್ಕಕ್ಕೆ ತಳ್ಳಿ ಮೈಕು ಹಿಡಿದಳು.

"ಆಯ್ತು, ಆಯ್ತು! ಹಾಲು ಆಗದೋರು ಮಜ್ಜಿಗೆ ಕುಡೀರಿ. ಅದೂ ನಮ್ಮ ಸಂಘದ್ದೇ!"

ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಊಟಕ್ಕೆ ಎಲೆ ಹಾಕುತ್ತಿದ್ದಾಗ ಅವಳು ಅವನನ್ನು ಭವನದ ಹಿಂದಿನ ಕೈತೊಳೆಯುವ ನಲ್ಲಿಗಳ ಬಳಿಗೆ ಕರೆದುಕೊಂಡು ಹೋದಳು. ಬೈಗುಳಕ್ಕೆ ಸಿದ್ಧನಾಗಿ ಅವನು ತಲೆ ತಗ್ಗಿಸಿ ನಿಂತ. ಅವಳು ಬೈಯಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕೇಳಿದಳು: "ಚಿಕ್ಕೋನಿದ್ದಾಗ ನಿಂಗೂ ಅದಕ್ಕೇ ನೋಯ್ತಿತ್ತಾ?"

"ಹೂಂ."

"ಹೇಳ್ಬಾರ್ದಾಗಿತ್ತಾ?"

"ಹೇಳಿದ್ದೆ ಅವ್ವ."

ನಲ್ಲಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಚನ್ನಬಸಮ್ಮ ಅದನ್ನು ತಿರುಗಿಸಿ ಗಟ್ಟಿ ಮಾಡಿದಳು. ಅದು ಮತ್ತೆ ತೊಟ್ಟಿಕ್ಕಿತು. "ನಂಗೆ ಆಗದ್ದು ನಿಂಗಾದ್ರೂ ಆಗ್ಲಿ ಅಂತಿದ್ದೆ ಕಣಪ್ಪ," ಅಂದಳು. "ಹಾಲು ಕುಡ್ದೋರು ಗಟ್ಟಿ ಆಯ್ತಾರೆ ಅಂತ ನಮ್ಮವ್ವ ಹೇಳೋಳು. ನಾನು ಗಟ್ಟಿ ಆಗ್ಲಿಲ್ಲ ಅಂತಿತ್ತು ನಂಗೆ." ಇಡೀ ಸಂಘವನ್ನು ನಡುಗಿಸುವ ಅವಳು ಹಾಗೆಂದಾಗ ಶಿವಪ್ರಕಾಶನಿಗೆ ನಗು ಬಂತು, ಆದರೆ ನಗದೆ ತಾನೂ ಒಮ್ಮೆ ಆ ನಲ್ಲಿಯನ್ನು ತಿರುಗಿಸಿ ನೋಡಿದ. ಅವಳು ಹತ್ತಿರ ಬಂದಳು. ಎಲೆ ಹಿಡಿದುಕೊಂಡು ಹೋಗುತ್ತಿದ್ದ ಹೆಂಗಸರು, ಕೈ ತೊಳೆಯಲು ಬಂದ ಧನುಶ್ರೀ ಮತ್ತು ಕುಸುಮಾ, ಎಲ್ಲರೂ ನೋಡುತ್ತಿರುವಂತೆಯೇ, ಶಾಲನ್ನು ಸರಿಸಿ, ಇಸ್ತ್ರಿ ಮಾಡಿದ ಅಂಗಿಯ ಮೇಲೆ ತನ್ನ ಒರಟು ಅಂಗೈಯನ್ನು ಅವನ ಹೊಟ್ಟೆಗೆ ಒತ್ತಿ ಹಿಡಿದಳು. ನಲವತ್ತು ದಾಟಿದ ಕನ್ನಡ ಉಪನ್ಯಾಸಕ ಕಿವಿಯವರೆಗೂ ಕೆಂಪಾದ. ಆದರೆ ಹಿಂದೆ ಸರಿಯಲಿಲ್ಲ.

"ಈಗ ನೋಯ್ತೈತಾ?"

"ಇಲ್ಲವ್ವ," ಅಂದ ಶಿವಪ್ರಕಾಶ. "ಹಸಿವಾಗ್ತಿದೆ."